ಅಂಗೈ ಹುಣ್ಣಿಗೂ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನೋ ಗಾದೆಯನ್ನ ಈ ಕಾಲದಲ್ಲಿ ಅತಿ ಹೆಚ್ಚು ನಂಬಿರೋರು ಯಾರು ಗೊತ್ತಾ? ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿ ಬರೆಯೋರು. ಅದರಲ್ಲೂ ಚರ್ಮದ ವಿಷಯಕ್ಕೆ ಬಂದ್ರೆ ಅವರ ನಂಬಿಕೆ ಇನ್ನೂ ಗಟ್ಟಿ. ಚರ್ಮ ಲಿವರ್ ಥರ ಒಳಗೆ ಅಡಗಿ ಕೂತಿರೋದಲ್ಲವಲ್ಲ, ಅವರವರ ಮೈ ಅವರವರಿಗೆ ಕಾಣುತ್ತೆ, ಕೇಳಿದ್ರೆ ಹೇಳ್ತಾರೆ. ಇಷ್ಟೇ ತರ್ಕ. ರಕ್ತ ತೆಗೆಯೋದು ಬೇಡ, ಎಕ್ಸ್‌ರೇ ಬೇಡ, ಡಾಕ್ಟರೂ ಬೇಡ. ಮೊದಲು ಒಂದು ಹಾಳೆ ಪೆನ್ನು ಇದ್ರೆ ಸಾಕಿತ್ತು, ಈಗ ಒಂದು ಟ್ಯಾಬ್.

ಇದು ಅಂಥ ಎರಡು ಪ್ರಶ್ನಾವಳಿಗಳ ವಿಮರ್ಶೆ. ಕಾದಂಬರಿ ಬಿಟ್ಟು ಫಾರಂ ವಿಮರ್ಶೆ ಮಾಡೋಕೆ ಹೊರಟಿದ್ದಾನಲ್ಲ ಅಂತ ನಗಬೇಡಿ. ಕನ್ನಡದ ಯಾವ ಕಾದಂಬರಿಯೂ ಹೊಕ್ಕಿರದಷ್ಟು ಮನೆಗಳನ್ನ ಈ ಫಾರಂಗಳು ಹೊಕ್ಕಿವೆ. ಓದುಗ ತಪ್ಪು ಅರ್ಥ ಮಾಡಿಕೊಂಡ್ರೆ ಕಾದಂಬರಿಗೆ ಏನೂ ಆಗಲ್ಲ. ಇಲ್ಲಿ ಆಗುತ್ತೆ, ಅದೂ ಓದುಗನಿಗೇ.

ಓದೋಕೆ ನಾನು ಆರಿಸಿಕೊಂಡ ಜಾಗ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಬಿಟ್ಟು ಬಂದವು, ಜಗಳೂರು ಚಿತ್ರದುರ್ಗ ಬಿಟ್ಟು ಬಂತು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾದದ್ದು. ಕಡತದಲ್ಲಿ ಒಂದೇ ಜಿಲ್ಲೆ, ಚರ್ಮದ ಲೆಕ್ಕದಲ್ಲಿ ಅಲ್ಲ. ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಸುಲಿಯೋ ಹೆಂಗಸರ ಬೆರಳು ನೋಡಿ. ಚೊಗರು ಹತ್ತಿ ಕಪ್ಪಗಾಗಿ, ಒಣಗಿ, ಬಿರುಕು ಬಿಟ್ಟಿರುತ್ತೆ. ಹೊನ್ನಾಳಿ ಕಡೆ ನೀರಾವರಿ ಗದ್ದೆಯಲ್ಲಿ ನಾಟಿ ಹೊತ್ತಿಗೆ ದಿನವೆಲ್ಲ ಕೆಸರಲ್ಲಿ ನಿಂತು ಕಾಲ್ಬೆರಳ ಸಂದಿ ಕೊಳೆಯುತ್ತೆ. ಜಗಳೂರು ಒಣನೆಲ. ಮೆಕ್ಕೆಜೋಳದ ಹೊಲದ ಬದುವಿಗೆಲ್ಲ ಹಬ್ಬಿರೋ ಕಾಂಗ್ರೆಸ್ ಗಿಡದ ಧೂಳು ಹಾರಿ ಮುಖ ಕತ್ತು ಉರಿಯೋರು ಇದ್ದಾರೆ. ಇವರಲ್ಲಿ ಯಾರನ್ನಾದ್ರೂ "ನಿಮಗೆ ಚರ್ಮರೋಗ ಇದೆಯಾ" ಅಂತ ಕೇಳಿ. ಇಲ್ಲ ಅಂತಾರೆ. ಅದು ಅವರಿಗೆ ರೋಗ ಅಲ್ಲ, ಕೆಲಸ. ಅಡಿಕೆ ಸುಲಿದ್ರೆ ಕೈ ಹಂಗಾಗದೆ ಇನ್ನು ಹೆಂಗಾಗುತ್ತೆ?

ಮೊದಲ ಪಠ್ಯ ಸರ್ಕಾರದ್ದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ 30 ವರ್ಷ ದಾಟಿದವರಿಗೆ ತುಂಬಿಸೋ ಫಾರಂ. ಪೂರ್ತಿ ಹೆಸರು ಕಮ್ಯೂನಿಟಿ ಬೇಸ್ಡ್ ಅಸೆಸ್‌ಮೆಂಟ್ ಚೆಕ್‌ಲಿಸ್ಟ್, ಕರೆಯೋದು ಸಿ-ಬ್ಯಾಕ್. ಬೀಡಿ ಗುಟ್ಕಾ, ಸೊಂಟದ ಸುತ್ತಳತೆ, ಮನೆಯಲ್ಲಿ ಬಿಪಿ ಶುಗರ್ ಯಾರಿಗಿದೆ ಅನ್ನೋದು ಮೊದಲ ಭಾಗ. ಎರಡನೇ ಭಾಗ ರೋಗಲಕ್ಷಣ, ಹೌದು ಅಥವಾ ಇಲ್ಲ. ಅದರೊಳಗೆ ಕುಷ್ಠರೋಗಕ್ಕೆ ಸೇರಿದ ಪ್ರಶ್ನೆಗಳ ಒಂದು ಗುಂಪು ಇದೆ. ಸ್ಪರ್ಶ ಗೊತ್ತಾಗದ, ಬಣ್ಣ ಮಾಸಿದ ಕಲೆ ಇದೆಯಾ? ಚರ್ಮ ದಪ್ಪಗಾಗಿದೆಯಾ? ಗಂಟು ಎದ್ದಿವೆಯಾ? ಅಂಗೈ ಅಂಗಾಲಲ್ಲಿ ಪದೇ ಪದೇ ಹುಣ್ಣಾಗುತ್ತಾ? ಜೋಮು ಹಿಡಿಯುತ್ತಾ? ಬೆರಳು ಮಡಚಿಕೊಂಡಿವೆಯಾ? ರೆಪ್ಪೆ ಮುಚ್ಚೋಕೆ ಆಗಲ್ವಾ? ಕೈಯಲ್ಲಿ ವಸ್ತು ಹಿಡಿಯೋದು ಕಷ್ಟವಾ?

ಪಟ್ಟಿ ವೈದ್ಯಕೀಯವಾಗಿ ಸರಿ. ಕುಷ್ಠದ ಲಕ್ಷಣಗಳು ಇವೇ. ಆದ್ರೆ ಇದನ್ನ ಪ್ರಶ್ನೆಯಾಗಿ ಓದಿ ನೋಡಿ. ಮೊದಲ ಪ್ರಶ್ನೆ ಕೇಳ್ತಿರೋದು ಏನನ್ನ? "ನಿನಗೆ ಎಲ್ಲಿ ಏನೂ ಅನ್ನಿಸಲ್ಲ ಅನ್ನೋದು ನಿನಗೆ ಅನ್ನಿಸಿದೆಯಾ" ಅಂತ! ನೋವಿದ್ರೆ ಮೈ ತಾನೇ ಕೂಗಿ ಹೇಳುತ್ತೆ, ತುರಿಕೆ ಇದ್ರೆ ಕೈ ತಾನೇ ಅಲ್ಲಿಗೆ ಹೋಗುತ್ತೆ. ಶುರುವಿನ ಕುಷ್ಠದ ಕಲೆ ಸಾಮಾನ್ಯವಾಗಿ ನೋಯಲ್ಲ, ತುರಿಸಲ್ಲ. ಅದರ ಗುರುತೇ ಮೌನ. ಬೆನ್ನ ಮೇಲೋ ಕುಂಡಿ ಮೇಲೋ ಇದ್ರೆ ಕಣ್ಣಿಗೂ ಬೀಳಲ್ಲ. ಬಚ್ಚಲಮನೆಯಲ್ಲಿ ನಿಲುವುಗನ್ನಡಿ ಎಷ್ಟು ಮನೆಯಲ್ಲಿರುತ್ತೆ? ಇದ್ರೂ ಯಾರು ಬೆನ್ನು ತಿರುಗಿಸಿ ನೋಡ್ಕೋತಾರೆ? ನೀವು ನೋಡ್ಕೊಂಡಿದ್ದು ಯಾವಾಗ?

ಈಗ ಅದೇ ಪಟ್ಟಿಯ ಕೊನೆಯ ಪ್ರಶ್ನೆಗಳನ್ನ ನೋಡಿ. ಬೆರಳು ಮಡಚಿಕೊಂಡಿರೋದು, ರೆಪ್ಪೆ ಮುಚ್ಚೋಕಾಗದಿರೋದು, ವಸ್ತು ಹಿಡಿಯೋಕಾಗದಿರೋದು. ಇವಕ್ಕೆ ಯಾರು ಬೇಕಾದ್ರೂ ಸರಿಯಾಗಿ ಉತ್ತರ ಹೇಳಬಹುದು. ಯಾಕಂದ್ರೆ ಇವು ನರ ಹಾಳಾದ ಮೇಲಿನವು. ಕೇಳಿದವರಿಗೆ ಸುಲಭವಾಗಿ ಉತ್ತರ ಸಿಗೋ ಹೊತ್ತಿಗೆ ಕಾಲ ಮಿಂಚಿರುತ್ತೆ, ಕಾಲ ಇದ್ದಾಗ ಉತ್ತರ ಸಿಗಲ್ಲ. 6ರಿಂದ 12 ತಿಂಗಳ ಉಚಿತ ಮಾತ್ರೆಯಲ್ಲಿ ವಾಸಿಯಾಗೋ ರೋಗಕ್ಕೆ ಇದು ಸಣ್ಣ ದೋಷ ಅಲ್ಲ. ಈ ಫಾರಂ ಇರೋದು ಎಣಿಸೋಕಲ್ಲ, ಆಸ್ಪತ್ರೆಗೆ ಕಳಿಸೋಕೆ ಅಂತ ಸಮರ್ಥಿಸಬಹುದು, ನಿಜ ಕೂಡ. "ಹೌದು" ಅಂದವರನ್ನ ಡಾಕ್ಟರ ಹತ್ರ ಕಳಿಸ್ತಾರೆ, ಅಲ್ಲಿ ಸುಳ್ಳೋ ನಿಜವೋ ತೀರ್ಮಾನ ಆಗುತ್ತೆ. "ಇಲ್ಲ" ಅಂದವರನ್ನ ಯಾರು ಕಳಿಸ್ತಾರೆ?

ಇನ್ನು ಭಾಷೆ. ಕುಷ್ಠದ ಬಗ್ಗೆ ಗೋಡೆ ಬರಹ, ಕರಪತ್ರ, ಮೈಕಿನ ಪ್ರಚಾರ ಎಲ್ಲದರಲ್ಲೂ ನಾವು ಚಿಕ್ಕಂದಿನಿಂದ ಕೇಳಿರೋ ಮಾತು ಒಂದೇ: ತಾಮ್ರ ಬಣ್ಣದ, ಸ್ಪರ್ಶಜ್ಞಾನ ಇಲ್ಲದ ಮಚ್ಚೆ. ಈ "ಮಚ್ಚೆ" ಅನ್ನೋ ಶಬ್ದ ಆರಿಸಿದವರಿಗೆ ನನ್ನದೊಂದು ತಕರಾರಿದೆ. ಕನ್ನಡದ ಮನೆಗಳಲ್ಲಿ ಮಚ್ಚೆ ಅಂದ್ರೆ ಹುಟ್ಟುಗುರುತು. ಎಸ್ಸೆಸ್ಸೆಲ್ಸಿ ಅರ್ಜಿಯಲ್ಲಿ ಗುರುತಿನ ಚಿಹ್ನೆ ಅಂತ ಬರೆಸೋದು ಅದನ್ನೇ. ತುಟಿ ಮೇಲಿದ್ರೆ ಇಂಥ ಫಲ, ಬೆನ್ನ ಮೇಲಿದ್ರೆ ಇಂಥ ಫಲ ಅಂತ ಪಂಚಾಂಗದಲ್ಲಿ ಮಚ್ಚೆಶಾಸ್ತ್ರವೇ ಇದೆ. ನ್ಯಾಮತಿ ಕಡೆಯ ಒಂದು ಮನೆ ಅಂದ್ಕೊಳ್ಳಿ. ಆಶಾ ಅಕ್ಕ ಜಗುಲಿ ಮೇಲೆ ಕೂತು ಕೇಳ್ತಾರೆ: "ಅಜ್ಜೀ, ಮೈಮೇಲೆ ಎಲ್ಲಾದ್ರೂ ಮಚ್ಚೆ ಐತಾ?" ಅಜ್ಜಿ ಖುಷಿಯಿಂದ, "ಐತೆ ಕಣವ್ವ, ಹುಟ್ಟಿದಾಗಿಂದ ಐತೆ, ಬಲಗಡೆ." ಅಕ್ಕನಿಗೂ ನಗು. ಫಾರಂನಲ್ಲಿ "ಇಲ್ಲ". ಮುಂದಿನ ಪ್ರಶ್ನೆ.

ಚರ್ಮಕ್ಕೆ ಸಂಬಂಧಿಸಿ ಕನ್ನಡಕ್ಕೆ ಶಬ್ದದ ಬಡತನ ಇದ್ದಿದ್ರೆ ಇದನ್ನ ಕ್ಷಮಿಸಬಹುದಿತ್ತು. ಆದ್ರೆ ಇರೋದು ನೋಡಿ: ಕಜ್ಜಿ, ಇಸುಬು, ಸಿಬ್ಬು, ತೊನ್ನು, ಬಂಗು, ಹುಳುಕಡ್ಡಿ, ಗಜಕರ್ಣ, ಸರ್ಪಸುತ್ತು, ಪಿತ್ತದ ಗಂಧೆ, ನರಹುಲಿ, ಆಣಿ, ಬೆವರುಸಾಲೆ, ಬೊಕ್ಕೆ, ಕುರು, ದದ್ದು. ಅಜ್ಜಿಯರ ಕಣ್ಣು ಒಂದರಿಂದ ಇನ್ನೊಂದನ್ನ ಬೇರೆ ಮಾಡಿ ನೋಡಿ ಇಟ್ಟ ಹೆಸರುಗಳಿವು. ಇಸುಬು ಅಂದ್ರೆ ನೀರೊಸರೋದು, ದಪ್ಪಗಟ್ಟೋದು, ಹೋದಂಗೆ ಮಾಡಿ ಮತ್ತೆ ಬರೋದು. ಹುಳುಕಡ್ಡಿ ಅಂದ್ರೆ ಉಂಗುರದ ಹಾಗೆ ಅಂಚು ಕಟ್ಟಿಕೊಂಡು ಹರಡೋದು. ಸಿಬ್ಬು ತುರಿಸೋದು ಕಡಿಮೆ, ಬಣ್ಣ ಮಾತ್ರ ಮಾಸೋದು. ಇಂಥ ನಿಘಂಟು ಕೈಯಲ್ಲಿ ಇಟ್ಕೊಂಡು ನಾವು ಜನಕ್ಕೆ ಕೇಳೋದು "ಚರ್ಮದ ಸಮಸ್ಯೆ ಇದೆಯೇ" ಅಂತ. ಇಂಗ್ಲಿಷಿನ "ಸ್ಕಿನ್ ಪ್ರಾಬ್ಲಂ"ಗೆ ಕನ್ನಡದ ಅಂಗಿ ತೊಡಿಸಿದ್ದು ಅದು. ಮಾತಾಡೋ ಬಾಯಿಂದ ಹುಟ್ಟಿದ್ದಲ್ಲ.

ಹಾಗಂತ ಅಜ್ಜಿಯರ ಶಬ್ದಕೋಶವನ್ನೇ ಫಾರಂಗೆ ಇಳಿಸಿದ್ರೆ ಮುಗೀತು ಅಂತಾನೂ ಅಲ್ಲ. ತುರಿಸೋದಕ್ಕೆಲ್ಲ ಕಜ್ಜಿ ಅನ್ನೋರಿದ್ದಾರೆ, ಬೆಳ್ಳಗಾದದ್ದಕ್ಕೆಲ್ಲ ತೊನ್ನು ಅಂತ ಹೆದರೋರಿದ್ದಾರೆ. ತಾಲ್ಲೂಕು ದಾಟಿದ್ರೆ ಶಬ್ದದ ಬಳಕೆ ಬದಲಾಗಬಹುದು. ಮತ್ತೆ, ಯಾರ ಕನ್ನಡ? ಸಂತ ಸೇವಾಲಾಲರು ಹುಟ್ಟಿದ ಊರು ಅಂತ ಲಂಬಾಣಿಗರು ನಡೆದುಕೊಳ್ಳೋ ಸೂರಗೊಂಡನಕೊಪ್ಪ ಇರೋದು ಇದೇ ನ್ಯಾಮತಿ ತಾಲ್ಲೂಕಲ್ಲಿ. ತಾಂಡಾದ ಮನೆಯೊಳಗೆ ಮಗುವಿನ ಮೈ ನೋಡಿ ತಾಯಿ ಮಾತಾಡೋದು ಲಂಬಾಣಿಯಲ್ಲಿ. ಬಾಗಿಲಿಗೆ ಬಂದ ಫಾರಂ ಕನ್ನಡದ್ದು, ಅದರ ಮೂಲ ಇಂಗ್ಲಿಷಿನದು. ಎರಡು ಸಲ ಭಾಷಾಂತರ ಆದ ಪ್ರಶ್ನೆಗೆ ಎರಡು ಸಲ ಭಾಷಾಂತರ ಆದ ಉತ್ತರ.

ಬಣ್ಣದ ಮಾತು ಬಂದ್ರೆ ಇನ್ನೊಂದು. ಚರ್ಮದ ಪ್ರಶ್ನಾವಳಿಗಳಲ್ಲಿ "ಕೆಂಪಗಾಗಿದೆಯೇ" ಅನ್ನೋದು ಪದೇ ಪದೇ ಬರುತ್ತೆ. ಬಿಳಿ ಮೈಮೇಲೆ ಉರಿಯೂತ ಕೆಂಪಗೆ ಕಾಣುತ್ತೆ. ನಮ್ಮ ಮೈಮೇಲೆ ಅದು ಕಂದು, ನೇರಳೆ, ಕೆಲವೊಮ್ಮೆ ಬರೀ ಕಪ್ಪು. ಜಗಳೂರಿನ ಬಿಸಿಲಲ್ಲಿ ದುಡಿಯೋ ರೈತನ ಕತ್ತು ಉರಿದು ಹೋಗಿದ್ರೂ ಕೆಂಪಗಾಗಿರಲ್ಲ. ಅವನು "ಇಲ್ಲ" ಅಂದ್ರೆ ಸತ್ಯವನ್ನೇ ಹೇಳಿದ ಹಾಗಾಯ್ತು.

"ಹೌದು" ಅನ್ನೋಕೆ ತೆರಬೇಕಾದ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕುಷ್ಠರೋಗ ಅನ್ನೋದು ವಿಚ್ಛೇದನಕ್ಕೆ ಕಾನೂನುಬದ್ಧ ಕಾರಣ ಆಗಿತ್ತು ಅಂದ್ರೆ ಈಗಿನ ಹುಡುಗರು ನಂಬಲ್ಲ. ಅದನ್ನ ತೆಗೆದು ಹಾಕಿದ್ದು 2019ರಲ್ಲಿ, ವೈಯಕ್ತಿಕ ಕಾನೂನುಗಳ ತಿದ್ದುಪಡಿ ಕಾಯ್ದೆ ಬಂದಾಗ. ಕಾಯ್ದೆ ಹೋದ ಮಾತ್ರಕ್ಕೆ ಊರಿನ ಬಾಯಿ ಮುಚ್ಚಲ್ಲ. ಫಾರಂ ಹಿಡಿದು ಬಂದಿರೋ ಆಶಾ ಅದೇ ಊರಿನ ಸೊಸೆ, ಅದು ಆ ಯೋಜನೆಯ ಶಕ್ತಿ. ಗರ್ಭಿಣಿಗೆ, ಬಾಣಂತಿಗೆ, ಮಗುವಿನ ಲಸಿಕೆಗೆ ಊರಿನವಳೇ ಬೇಕು. ಮೈಮೇಲಿನ ಕಲೆಗೆ? ಮದುವೆಗೆ ಬಂದ ಮಗಳಿರೋ ಮನೆಯಲ್ಲಿ, ಅತ್ತೆ ಪಕ್ಕದಲ್ಲೇ ಸೊಪ್ಪು ಸೋಸ್ತಾ ಕೂತಿರುವಾಗ, ಸೊಸೆ "ಹ್ಞೂಂ, ತೊಡೆ ಮೇಲೆ ಒಂದಿದೆ" ಅಂತ ಹೇಳ್ತಾಳೆ ಅಂತ ಫಾರಂ ಬರೆದವರು ಹೇಗೆ ಅಂದ್ಕೊಂಡ್ರೋ. ನಮ್ಮ ಕಂಪನಿಗಳ "ಅನಾಮಧೇಯ" ಸರ್ವೇಯಲ್ಲಿ ಮ್ಯಾನೇಜರ್ ಬಗ್ಗೆ ನಿಜ ಬರೆಯೋಕೆ ನಾವೇ ಹಿಂದೆ ಮುಂದೆ ನೋಡ್ತೀವಿ, ಅಲ್ವಾ? ಅಲ್ಲಿ ಹೋಗೋದು ಹೆಚ್ಚಂದ್ರೆ ಒಂದು ಅಪ್ರೈಸಲ್.

ಇದೆಲ್ಲ ಬರೀ ತರ್ಕ ಅಂದ್ಕೋಬೇಡಿ. ರಾಷ್ಟ್ರಮಟ್ಟದಲ್ಲಿ ಕುಷ್ಠ 10,000 ಜನರಿಗೆ ಒಂದಕ್ಕಿಂತ ಕಡಿಮೆಯಾಗಿದೆ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ನಿವಾರಣೆ ಆಯ್ತು ಅಂತ ಭಾರತ ಹೇಳಿಕೊಂಡಿದ್ದು 2005ರ ಡಿಸೆಂಬರಲ್ಲಿ. ಆಮೇಲಿನ ವರ್ಷಗಳಲ್ಲಿ ಹೆಚ್ಚಾಗಿ ನಂಬಿಕೊಂಡಿದ್ದು ಜನ ತಾವಾಗೇ ಬಂದು ಹೇಳೋದನ್ನ. 2016ರಲ್ಲಿ ಪತ್ತೆ ಅಭಿಯಾನ ಅಂತ ಮಾಡಿ, ಆಯ್ದ ಜಿಲ್ಲೆಗಳಲ್ಲಿ ಒಬ್ಬ ಆಶಾ, ಒಬ್ಬ ಗಂಡು ಸ್ವಯಂಸೇವಕನ ಜೋಡಿ ಮನೆಮನೆಗೆ ಹೋಗಿ ಹೆಂಗಸರ ಮೈಯನ್ನ ಹೆಂಗಸು, ಗಂಡಸರ ಮೈಯನ್ನ ಗಂಡಸು ನೋಡಿದಾಗ ಖಚಿತವಾದ ಹೊಸ ಪ್ರಕರಣ 34 ಸಾವಿರಕ್ಕೂ ಹೆಚ್ಚು. ಅವರೆಲ್ಲ ಅಲ್ಲೇ ಇದ್ದರು. ಯಾರೂ ಸುಳ್ಳು ಹೇಳಿರಲಿಲ್ಲ, ಹೇಳೋಕೆ ಅವರಿಗೆ ಏನೂ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದನ್ನ ಹೇಳೋ ಧೈರ್ಯ ಇರಲಿಲ್ಲ. ಕೇಳೋದಕ್ಕೂ ನೋಡೋದಕ್ಕೂ ಇರೋ ದೂರ ಅಷ್ಟು.

ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಒಂದು ಪುಟ್ಟ ಲೇಖನ ಇದೇ ಜಾಗಕ್ಕೆ ಬೆರಳಿಡುತ್ತೆ. ಭಾರತದಲ್ಲಿ ಅತಿ ಹೆಚ್ಚು ಕಾಲ ಬದುಕೋದು ಕೇರಳದವರು. "ನನಗೆ ಕಾಯಿಲೆ ಇದೆ" ಅಂತ ಅತಿ ಹೆಚ್ಚು ಹೇಳೋದೂ ಅವರೇ. ಬಿಹಾರದವರ ಆಯಸ್ಸು ಕಡಿಮೆ, ಕಾಯಿಲೆ ಇದೆ ಅನ್ನೋರೂ ಕಡಿಮೆ. ಅಮೆರಿಕದವರು ಕೇರಳದವರನ್ನೂ ಮೀರಿಸ್ತಾರೆ! ಶಾಲೆ, ಆಸ್ಪತ್ರೆ, ಪತ್ರಿಕೆ ಇದ್ದಲ್ಲಿ ಜನ ತಮ್ಮ ಮೈಯನ್ನ ಗಮನಿಸೋದು ಕಲೀತಾರೆ, ಇಲ್ಲದ ಕಡೆ ಇದೆಲ್ಲ ಇದ್ದದ್ದೇ ಅಂದ್ಕೋತಾರೆ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆ ಕೂಡ ಕಳೆದ 15 ದಿನದಲ್ಲಿ ಏನು ಕಾಯಿಲೆ ಬಂತು ಅಂತ ಮನೆಯವರನ್ನೇ ಕೇಳುತ್ತೆ, ಅದರಲ್ಲಿ ಚರ್ಮಕ್ಕೂ ಒಂದು ಕಂಬ ಇದೆ. ಆ ಕಂಬದ ಅಂಕಿಯನ್ನ ರೋಗದ ಪ್ರಮಾಣ ಅಂತ ಓದಿದ್ರೆ ಸೇನ್ ಹೇಳಿದ ಹಳ್ಳಕ್ಕೇ ಬಿದ್ದ ಹಾಗೆ.

ಒಂದು ಜಿಲ್ಲೆಯೊಳಗೂ ಇದೇ ಆಗಬಹುದು. ಅಡಿಕೆ ದುಡ್ಡು ಇರೋ, ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಚರ್ಮದ ಡಾಕ್ಟರಿಗೆ ತೋರಿಸೋ ರೂಢಿ ಇರೋ ಮನೆಯವರು "ನನಗೆ ಫಂಗಲ್ ಇನ್‌ಫೆಕ್ಷನ್ ಇದೆ" ಅಂತ ಹೆಸರು ಹಿಡಿದೇ ಹೇಳ್ತಾರೆ. ಬರಗಾಲದಲ್ಲಿ ಕೆಲಸ ಹುಡುಕಿ ಊರು ಬಿಡೋ ಜಗಳೂರಿನ ಕೂಲಿ, "ಏನಿಲ್ಲ ಬಿಡ್ರೀ, ಸ್ವಲ್ಪ ಕಡಿತ" ಅಂತಾನೆ. ಈಗ ನಿಮ್ಮಂಥ ನನ್ನಂಥ ಒಬ್ಬರು ಬೆಂಗಳೂರಿನಲ್ಲಿ ಕೂತು ಇದನ್ನ ಡ್ಯಾಶ್‌ಬೋರ್ಡ್ ಮಾಡ್ತಾರೆ ಅಂದ್ಕೊಳ್ಳಿ. ಚನ್ನಗಿರಿ ಕಡುಗೆಂಪು, ಜಗಳೂರು ತಿಳಿಹಸಿರು. ಶಿಬಿರ ಎಲ್ಲಿ ಇಡಬೇಕು, ಮುಲಾಮು ಎಷ್ಟು ಕಳಿಸಬೇಕು ಅನ್ನೋದು ಆ ಬಣ್ಣ ನೋಡಿ ತೀರ್ಮಾನ ಆದ್ರೆ, ಯಾರಿಗೆ ಮೊದಲೇ ಡಾಕ್ಟರು ಸಿಕ್ಕಿದ್ದರೋ ಅವರಿಗೇ ಮತ್ತೊಬ್ಬ ಡಾಕ್ಟರು ಸಿಗ್ತಾರೆ.

ಯುರೋಪಿನಲ್ಲಿ ಇದೇ ವಿಧಾನಕ್ಕೆ ಒಳ್ಳೆ ಹೆಸರಿದೆ, ಅದನ್ನೂ ಹೇಳಬೇಕು. ಫ್ಲಾರೆನ್ಸ್ ಡಾಲ್‌ಗಾರ್ಡ್ ಮತ್ತು ಸಂಗಡಿಗರು ಜನಸಾಮಾನ್ಯರಿಗೆ ಅಂತಲೇ ಮಾಡಿದ ಸಣ್ಣ ಪ್ರಶ್ನಾವಳಿಯೊಂದನ್ನ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ರು. ನಾರ್ವೆಯ ಓಸ್ಲೋದಲ್ಲಿ ಸಾವಿರಾರು ಜನಕ್ಕೆ ಅದನ್ನ ಕೊಟ್ಟರು. ಅದರ ಜಾಣತನ ಏನಂದ್ರೆ, ರೋಗದ ಹೆಸರು ಕೇಳಲ್ಲ, ಕಳೆದ ವಾರ ತುರಿಕೆ ಇತ್ತಾ, ಹೊಪ್ಪಳೆ ಎದ್ದಿತ್ತಾ ಅಂತ ದೂರು ಕೇಳುತ್ತೆ. ಇತ್ತೀಚಿನ ಇನ್ನೊಂದು ಸಮೀಕ್ಷೆ 2022ರಲ್ಲಿ ಪ್ರಕಟವಾಯ್ತು. 27 ದೇಶಗಳ 44 ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ ಸುಮಾರು 43% ಮಂದಿ ಕಳೆದ 12 ತಿಂಗಳಲ್ಲಿ ಒಂದಲ್ಲ ಒಂದು ಚರ್ಮದ ತೊಂದರೆ ಇತ್ತು ಅಂದ್ರು. ಮನೆ ಹತ್ತಿರ ಡಾಕ್ಟರಿದ್ದು, ರೋಗಕ್ಕೆ ಚೀಟಿ ಮೇಲೆ ಹೆಸರು ಬರೆಸಿಕೊಂಡು ರೂಢಿ ಇರೋ ಜನ ಹೇಳಿದ್ದು ಅದು. ಅದೇ ಪ್ರಶ್ನೆಯನ್ನ ತಂದು ಹೊನ್ನಾಳಿಯಲ್ಲಿ ಕೇಳಿ ಕಡಿಮೆ ಅಂಕಿ ಬಂದ್ರೆ "ಭಾರತೀಯರ ಚರ್ಮ ಚೆನ್ನಾಗಿದೆ" ಅಂತ ಬರೆಯೋಕಾಗುತ್ತಾ? "ಕಳೆದ ವಾರ" ಅನ್ನೋದೂ ಇಲ್ಲಿ ಮೋಸ ಮಾಡುತ್ತೆ. ನಾಟಿ ವಾರದಲ್ಲಿ ಕೇಳಿದ್ರೆ ಒಂದು ಉತ್ತರ, ಕೊಯ್ಲು ಮುಗಿದ ಮೇಲೆ ಇನ್ನೊಂದು. ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಕ್ರೀಮು ಹಚ್ಚಿದ ವಾರ ಹುಳುಕಡ್ಡಿಗೂ ತುರಿಕೆ ಇರಲ್ಲ. ಒಳಗೊಳಗೆ ಹರಡ್ತಿರುತ್ತೆ, ಉತ್ತರ ಮಾತ್ರ "ಇಲ್ಲ". 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂದಿದ್ದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಓದಿ, ಹಾಗಾದ್ರೆ ಜನರನ್ನ ಕೇಳೋದೇ ಬೇಡ, ಡಾಕ್ಟರು ನೋಡಿ ಬರೆದುಕೊಂಡು ಹೋಗಲಿ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಎರಡನೇ ಪಠ್ಯ ನನಗೆ ಇಷ್ಟ ಆಗೋದು ಅದಕ್ಕೇ.

ಅದರ ಹೆಸರು ಡರ್ಮಟಾಲಜಿ ಲೈಫ್ ಕ್ವಾಲಿಟಿ ಇಂಡೆಕ್ಸ್, ಡಿಎಲ್‌ಕ್ಯೂಐ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಆಂಡ್ರ್ಯೂ ಫಿನ್ಲೆ ಮತ್ತು ಖಾನ್ ಅನ್ನೋರು 1994ರಲ್ಲಿ ಪ್ರಕಟಿಸಿದ್ದು. ಹತ್ತೇ ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 30. ನೂರಕ್ಕೂ ಹೆಚ್ಚು ಭಾಷೆಗೆ ಹೋಗಿದೆ. ರೋಗ ಯಾವುದು ಅಂತ ಅದು ಕೇಳೋದೇ ಇಲ್ಲ. ನಿನ್ನ ಚರ್ಮದಿಂದ ಕಳೆದ ವಾರ ನಿನ್ನ ಬದುಕಿಗೆ ಏನಾಯ್ತು? ನಾಚಿಕೆ ಆಯ್ತಾ? ಬಟ್ಟೆ ಆರಿಸುವಾಗ ಯೋಚನೆ ಮಾಡಿದೆಯಾ? ಜನರ ಜೊತೆ ಬೆರೆಯೋಕೆ ಅಡ್ಡಿ ಆಯ್ತಾ? ಕೆಲಸಕ್ಕೆ? ದಾಂಪತ್ಯಕ್ಕೆ? ಚಿಕಿತ್ಸೆಯೇ ರೇಜಿಗೆ ಆಯ್ತಾ? ಇದನ್ನ ಯಾವ ಡಾಕ್ಟರೂ ಮೈ ನೋಡಿ ಹೇಳೋಕಾಗಲ್ಲ. ತೊನ್ನಿನ ಒಂದು ರೂಪಾಯಿ ಅಗಲದ ಕಲೆ ಡಾಕ್ಟರ ಕಣ್ಣಿಗೆ ಅತಿ ಸಣ್ಣದು. ಅದು ತುಟಿ ಪಕ್ಕ ಇರೋ 22ರ ಹುಡುಗಿಗೆ ಎಷ್ಟು ದೊಡ್ಡದು ಅಂತ ಅವಳೇ ಹೇಳಬೇಕು. ಇಲ್ಲಿ ಅಂಗೈ ಹುಣ್ಣಿನ ಗಾದೆ ನಿಜ.

ಆದ್ರೆ ಚನ್ನಗಿರಿಯ ಕಣ್ಣಲ್ಲಿ ಓದಿದಾಗ ಈ ಒಳ್ಳೆ ಪಠ್ಯವೂ ಅಲ್ಲಲ್ಲಿ ಎಡವುತ್ತೆ. ಮೂರನೇ ಪ್ರಶ್ನೆ: ಅಂಗಡಿಗೆ ಹೋಗೋದಕ್ಕೆ, ಮನೆ ಅಥವಾ ಗಾರ್ಡನ್ ನೋಡಿಕೊಳ್ಳೋದಕ್ಕೆ ಚರ್ಮ ಅಡ್ಡಿ ಆಯ್ತಾ? ಕಾರ್ಡಿಫ್‌ನ ಗಾರ್ಡನ್ ಅಂದ್ರೆ ಮನೆ ಹಿಂದೆ ಭಾನುವಾರ ಗುಲಾಬಿ ಕತ್ತರಿಸೋ ಜಾಗ. ಅದನ್ನ "ತೋಟ" ಅಂತ ಕನ್ನಡಿಸಿದ್ರೆ ಚನ್ನಗಿರಿಯಲ್ಲಿ ಅದು ಎರಡೆಕರೆ ಅಡಿಕೆ, ವರ್ಷದ ಅನ್ನ, ಬ್ಯಾಂಕಿನ ಸಾಲ. ಮೂರನೇ ಪ್ರಶ್ನೆ ಸದ್ದಿಲ್ಲದೆ ಏಳನೇ ಪ್ರಶ್ನೆಯಾಗಿ ಹೋಯ್ತು, ಯಾಕಂದ್ರೆ ಕೆಲಸದ ಬಗ್ಗೆ ಕೇಳೋದು ಏಳನೆಯದು. "ಕೈತೋಟ" ಅಂದ್ರೆ ಅರ್ಥ ಸರಿ, ಆದ್ರೆ ಅದು ಅವಳಿಗೆ ಇರಲ್ಲ. ಆರನೇ ಪ್ರಶ್ನೆ ಕ್ರೀಡೆ. ಐವತ್ತರ ಹೆಂಗಸನ್ನ "ಆಟ ಆಡೋಕೆ ತೊಂದ್ರೆ ಆಯ್ತಾ" ಅಂತ ಕೇಳಿದ್ರೆ ಅವಳು ನಗ್ತಾಳೆ. ಒಂಬತ್ತನೆಯದು ಲೈಂಗಿಕ ತೊಂದರೆ. ವಿಧವೆಗೆ ಕೇಳೋಕೇ ಆಗಲ್ಲ, ಗಂಡ ಇದ್ದವಳು ಹೇಳಲ್ಲ.

ಉತ್ತರದ ಅಳತೆಗೋಲೂ ಹಾಗೇ. "ವೆರಿ ಮಚ್"ಗೆ 3, "ಎ ಲಾಟ್"ಗೆ 2. ಕನ್ನಡದಲ್ಲಿ ತುಂಬಾ ದೊಡ್ಡದೋ ಬಹಳ ದೊಡ್ಡದೋ? ಈ ಸೀಮೆಯಲ್ಲಂತೂ ಎರಡಕ್ಕೂ "ಭಾಳ" ಒಂದೇ.

ನಿಜವಾದ ಏಟು ಬೀಳೋದು ಅಂಕ ಕೂಡುವಾಗ. "ಅನ್ವಯಿಸುವುದಿಲ್ಲ" ಅಂದ್ರೆ ಡಿಎಲ್‌ಕ್ಯೂಐ ಕೊಡೋದು 0. ಅಂದ್ರೆ "ತೊಂದರೆ ಏನೂ ಇಲ್ಲ" ಅಂದವಳಿಗೂ, "ಆ ಬದುಕೇ ನನಗಿಲ್ಲ" ಅಂದವಳಿಗೂ ಒಂದೇ ಅಂಕ. ಲೆಕ್ಕ ಹಾಕೋಣ. ಅಡಿಕೆ ಸುಲಿಯೋ ವಿಧವೆಯೊಬ್ಬಳು ಮೂರು ಪ್ರಶ್ನೆಗೆ "ಅನ್ವಯಿಸಲ್ಲ" ಅಂದ್ಲು. ಉಳಿದ ಏಳರಲ್ಲಿ ಅವಳು ಪಡೆಯಬಹುದಾದ ಗರಿಷ್ಠ 21. ಅವಳಿಗೆ ಬಂದಿದ್ದು 9. ಪಟ್ಟಿ ಪ್ರಕಾರ 6ರಿಂದ 10 ಅಂದ್ರೆ ಮಧ್ಯಮ ಪರಿಣಾಮ, 11 ದಾಟಿದ್ರೆ ತೀವ್ರ. ಅವಳು ಮಧ್ಯಮ. ಅವಳಿಗೆ ಅನ್ವಯಿಸೋ ಪ್ರಶ್ನೆಗಳನ್ನ ಮಾತ್ರ ಹಿಡಿದು 30ಕ್ಕೆ ಏರಿಸಿದ್ರೆ 9 ಅನ್ನೋದು ಸುಮಾರು 13 ಆಗುತ್ತೆ, ಅವಳು ತೀವ್ರಕ್ಕೆ ಸೇರ್ತಾಳೆ. 10ಕ್ಕಿಂತ ಹೆಚ್ಚಿದ್ರೆ ಸೋರಿಯಾಸಿಸ್ಸನ್ನ ತೀವ್ರ ಅಂತ ಪರಿಗಣಿಸಬೇಕು ಅನ್ನೋ ಸೂತ್ರವೊಂದು ವೈದ್ಯರಲ್ಲಿ ಬಳಕೆಯಲ್ಲಿದೆ, ಹಾಗಾಗಿ ಇದು ಬರೀ ಕೂಡೋ ಕಳೆಯೋ ಜಗಳ ಅಲ್ಲ, ಔಷಧಿಯ ಜಗಳ. ಈ ತಿದ್ದುಪಡಿ ನನ್ನದಲ್ಲ. ಬುಡಾಪೆಸ್ಟಿನ ಫಾನಿ ರೆಂಟ್ಸ್ ಮತ್ತು ಸಂಗಡಿಗರು 2018ರಲ್ಲೇ ಇದನ್ನ ಮುಂದಿಟ್ಟಿದ್ದಾರೆ. ಬದುಕು ಚಿಕ್ಕದಾದಷ್ಟೂ ನೋವೂ ಚಿಕ್ಕದಾಗಿ ಕಾಣೋ ಫಾರಂ ಇದು ಅಂತ ಗುರುತಿಸೋಕೆ ಕಾಲು ಶತಮಾನ ಹಿಡಿಯಿತು. ಅದೂ ಆಸ್ಪತ್ರೆಗೆ ಬಂದ ರೋಗಿಗಳಿಗೆ ಅಂತ ಬರೆದ ಫಾರಂ. ಅದನ್ನೇ ಬೀದಿಗೆ ತಂದು ಜನಸಂಖ್ಯೆ ಅಳೆಯೋಕೆ ಹೋದ್ರೆ ಇಂಥವರ ಸಂಖ್ಯೆ ಇನ್ನೂ ಜಾಸ್ತಿ ಆಗಬಹುದು.

ಏನು ಮಾಡಬೇಕು ಅಂದ್ರೆ, ದಾರಿಗಳು ಇಲ್ಲದೇ ಇಲ್ಲ. ಮಕ್ಕಳ ಅಸ್ತಮಾ, ಅಲರ್ಜಿ ಬಗ್ಗೆ ಐಸಾಕ್ ಅನ್ನೋ ಜಾಗತಿಕ ಅಧ್ಯಯನ 1990ರ ದಶಕದಲ್ಲಿ ನಡೀತು. ಅದರ ಮುಂದಿನ ಪೀಳಿಗೆಯ ಅಧ್ಯಯನದಲ್ಲಿ ನಮ್ಮ ಮೈಸೂರು ಒಂದು ಕೇಂದ್ರ. ಅವರು "ಎಕ್ಸಿಮಾ ಇದೆಯಾ" ಅಂತ ಕೇಳಿ ಸುಮ್ಮನಾಗಲಿಲ್ಲ. ಆರು ತಿಂಗಳಾದ್ರೂ ಬಂದು ಹೋಗಿ ಮಾಡೋ ತುರಿಕೆ, ಅದು ಮೊಣಕೈ ಮಡಿಕೆಯಲ್ಲಾ, ಮೊಣಕಾಲ ಹಿಂದಾ, ಕತ್ತಿನ ಸುತ್ತಾ ಅಂತ ಜಾಗ ಹಿಡಿದು ಕೇಳಿದ್ರು. ಅಸ್ತಮಾದ ಉಬ್ಬಸಕ್ಕೆ ಎಲ್ಲ ಭಾಷೆಯಲ್ಲೂ ಶಬ್ದ ಸಿಗಲ್ಲ ಅಂತ ವಿಡಿಯೋನೇ ತೋರಿಸಿ ಕೇಳಿದ್ರು. ಟ್ಯಾಬ್ ಕೈಯಲ್ಲಿರೋ ಈ ಕಾಲದಲ್ಲಿ ಕಂದು ಮೈಮೇಲಿನ ಸಿಬ್ಬು, ಇಸುಬು, ಕುಷ್ಠದ ಕಲೆ ಹೇಗಿರುತ್ತೆ ಅಂತ ನಾಲ್ಕು ಫೋಟೋ ತೋರಿಸೋದು ಕಷ್ಟ ಅಲ್ಲ. ಕೇಳಿದ ನೂರು ಜನರಲ್ಲಿ ಹತ್ತು ಜನರ ಮೈಯನ್ನ ಡಾಕ್ಟರೊಬ್ಬರು ನೋಡಿ, ಹೇಳಿದ್ದಕ್ಕೂ ಇರೋದಕ್ಕೂ ಎಷ್ಟು ಅಂತರ ಅಂತ ಪ್ರತಿ ತಾಲ್ಲೂಕಿಗೂ ಬೇರೆಬೇರೆಯಾಗಿ ಬರೆದಿಡಬಹುದು. "ಅನ್ವಯಿಸುವುದಿಲ್ಲ"ವನ್ನ ಸೊನ್ನೆ ಮಾಡದೆ ಬೇರೆಯೇ ಎಣಿಸಬಹುದು.

ವರದಿ ಬರೆಯುವಾಗ ಕನ್ನಡದಲ್ಲೇ ಇರೋ ಒಂದು ಸೌಲಭ್ಯ ಬಳಸಿದ್ರೂ ಸಾಕು. "ಇದೆ" ಅನ್ನೋದು ಬೇರೆ, "ಇದೆಯಂತೆ" ಅನ್ನೋದು ಬೇರೆ. ನಾನು ಕಂಡಿದ್ದಲ್ಲ, ಅವರು ಹೇಳಿದ್ದು ಅನ್ನೋದನ್ನ ನಾವು ಒಂದೇ ಪ್ರತ್ಯಯದಲ್ಲಿ ಹೇಳ್ತೀವಿ, ಇಂಗ್ಲಿಷಿಗೆ ಅದಕ್ಕೊಂದು ಉಪವಾಕ್ಯ ಬೇಕು. ಜಗಳೂರಿನಲ್ಲಿ ಚರ್ಮರೋಗ ಕಡಿಮೆಯಂತೆ. ಇಷ್ಟು ಬರೆದ್ರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ: ಯಾರಂತೆ?

ಸಿ-ಬ್ಯಾಕ್ ಮುಂದಿನ ಸಲ ಪರಿಷ್ಕರಣೆಗೆ ಬಂದಾಗ ಕುಷ್ಠದ ಪ್ರಶ್ನೆಗಳ ಪಕ್ಕ ಎರಡು ಚೌಕ ಹೆಚ್ಚಿಗೆ ಬೇಕು. ಬೆನ್ನು ನೋಡಿದ್ದೀರಾ, ಯಾರು ನೋಡಿದ್ರು ಅಂತ ಒಂದು. ಕಣ್ಣು ಮುಚ್ಚಿಸಿ ಕಲೆಯ ಮೇಲೆ ಪೆನ್ನಿನ ತುದಿ ಮುಟ್ಟಿಸಿದಾಗ ಬೆರಳಿಟ್ಟು ತೋರಿಸಿದ್ರಾ ಅಂತ ಇನ್ನೊಂದು. ಇದಕ್ಕೆ ಬೇಕಾಗೋದು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಐದು ನಿಮಿಷ, ಆ ಐದು ನಿಮಿಷಕ್ಕೆ ಆಶಾ ಅಕ್ಕನಿಗೆ ಸಲ್ಲಬೇಕಾದ ದುಡ್ಡು. ಪೆನ್ನು ಹೇಗೂ ಅವರ ಕೈಯಲ್ಲೇ ಇರುತ್ತೆ.